ಶನಿಗೆ ಬಳೆ ತೊಡಿಸಿದ ಪಟ್ಟಿ

ಭೋಜರಾಜನಿಗೆ ಆ ಗುರುವಾರ ಬೆಳಿಗ್ಗೆ ಶನಿಕಾಟ ಶುರುವಾದದ್ದು ಆಕಾಶದಿಂದಲ್ಲ, ಥರ್ಮಕೋಲಿನಿಂದ.

ಸ್ನಾನ ಮುಗಿಸಿ ಬಂದವನು ಬೆಳ್ಳಿಬಣ್ಣದ ಪೊಟ್ಟಣ ಹರಿದು, ಒಳಗಿದ್ದ ಬಿಳಿ ಪಟ್ಟಿಯ ಬೆನ್ನಿನ ಕಾಗದ ಸುಲಿದು, ಅಂಟಿನ ಮೈ ಮೇಲಾಗುವಂತೆ ಊಟದ ಮೇಜಿನ ಅಂಚಿನಲ್ಲಿಟ್ಟ. ಭುಜ ಇನ್ನೂ ಒದ್ದೆಯಿತ್ತು, ಒದ್ದೆ ಮೈಗೆ ಪಟ್ಟಿ ನಿಲ್ಲುವುದಿಲ್ಲ. ಬೈರಾಸು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಮೇಜಿನ ಮೇಲೆ ಪಟ್ಟಿ ಇರಲಿಲ್ಲ. ಕೆಳಗೆ ಸ್ಕೂಲ್ ಬಸ್ಸು ಹೊರಟ ಸದ್ದು ಕೇಳಿಸಿತು. ಬಾಗಿಲಲ್ಲಿ ಹೆಂಡತಿ ಹರಿಣಾಕ್ಷಿ ಯುದ್ಧ ಗೆದ್ದು ಬಂದವಳಂತೆ ದುಪಟ್ಟಾದಿಂದ ಬೆವರು ಒರೆಸಿಕೊಳ್ಳುತ್ತ ನಿಂತಿದ್ದಳು.

"ಇಲ್ಲಿದ್ದ ಪಟ್ಟಿ ಎಲ್ಲಿ?"

"ಯಾವ ಪಟ್ಟಿ?"

"ನನ್ನ ಪಟ್ಟಿ. ಸಿಗರೇಟಿನ ಪಟ್ಟಿ."

"ಅದಾ? ಅದು ಶನಿಗೆ ಹಾಕಿದೆ ಮಾರಾಯ್ರೆ. ಬಾಗಿಲು ದಾಟುವಾಗ ಶನಿಯ ಬಳೆ ಕಳಚಿ ಬಿತ್ತು. ಗಮ್ ಮುಗಿದಿತ್ತು, ಕೆಳಗೆ ಬಸ್ಸಿನವ ಹಾರ್ನ್ ಹೊಡೀತಾ ಇದ್ದ, ಮಗು ಅಳುವ ಹಾಗೆ ಮುಖ ಮಾಡಿತು. ಅಂಟುವಂಥದ್ದು ಎಂತದೋ ಕಣ್ಣಿಗೆ ಬಿತ್ತು, ಹಾಕಿ ಒತ್ತಿದೆ. ಗಟ್ಟಿ ಕೂತಿತು."

"ಅವಳ ಕೈಗೆ ತಾಗಿತಾ?"

"ಇಲ್ಲ, ನಾನೇ ಒತ್ತಿದ್ದು. ಅದಕ್ಕೆ ಯಾಕೆ ಹೀಗೆ ನಿಂತಿದ್ದೀರಿ? ಇನ್ನೊಂದು ಹಾಕ್ಕೊಳ್ಳಿ."

"ಇನ್ನೊಂದು ಇಲ್ಲ. ಅದೇ ಕೊನೇದು."

ಭೋಜರಾಜ ಅಡುಗೆಮನೆಯ ಕಿಟಕಿಗೆ ಓಡಿದ. ಮಸ್ಕತ್ತಿನ ಅಜೈಬಾದ ಆ ಬೀದಿಯ ತಿರುವಿನಲ್ಲಿ ಹಳದಿ ಬಸ್ಸು ಬಾಲ ತೋರಿಸಿ ಮರೆಯಾಗುತ್ತಿತ್ತು. ಅದರೊಳಗೆ ಒಂಬತ್ತು ವರ್ಷದ ಮಗಳು ಪ್ರಣೀತಾ, ಅವಳ ತೊಡೆಯ ಮೇಲೆ ಶಾಲೆಗೆಂದು ಮಾಡಿದ ಥರ್ಮಕೋಲಿನ ಸೌರಮಂಡಲ, ಶನಿಯ ಸೊಂಟದಲ್ಲಿ ಅಪ್ಪನ ಅಂದಿನ ನೆಮ್ಮದಿ.

ಸಿಗರೇಟು ಬಿಡುವ ಪರೀಕ್ಷೆಯಲ್ಲಿ ಭೋಜರಾಜ ಎಷ್ಟೋ ಸಲ ಪಾಸಾದವನು. ಪಾಸಾಗಿ ಮತ್ತೆ ಅದೇ ಕ್ಲಾಸಿಗೆ ಸೇರಿಕೊಳ್ಳುತ್ತಿದ್ದ ಅಷ್ಟೆ. ಈ ಸಲ ಮಾತ್ರ ಸಂಗತಿ ಬೇರೆಯಿತ್ತು. ಒಂದು ಸಂಜೆ ಸೋಫಾದಲ್ಲಿ ಕೂತು ಹತ್ತೂ ಬೆರಳನ್ನು ಸರದಿಯಂತೆ ಕಚ್ಚುತ್ತಿದ್ದ ಮಗಳಿಗೆ, "ಕೆಟ್ಟ ಚಟ ಮಗಾ, ಬಿಡು" ಎಂದಿದ್ದ. ಹಾಗೆ ಹೇಳುವಾಗ ಅವನು ಬಾಲ್ಕನಿಯಲ್ಲಿ ಸಿಗರೇಟು ಹಿಡಿದು ನಿಂತಿದ್ದ. ಪ್ರಣೀತಾ ಅಪ್ಪನ ಮುಖ ನೋಡಿದಳು, ಅಪ್ಪನ ಕೈ ನೋಡಿದಳು, "ಯೂ ಫಸ್ಟ್ ಪಪ್ಪಾ" ಎಂದಳು.

ಅಲ್ಲಿಗೆ ಒಪ್ಪಂದವಾಯಿತು. ಅಪ್ಪ ಸಿಗರೇಟು ಮುಟ್ಟಬಾರದು, ಮಗಳು ಉಗುರು ಕಚ್ಚಬಾರದು. ಒಬ್ಬರು ತಪ್ಪಿದರೆ ಇನ್ನೊಬ್ಬರಿಗೂ ಬಿಡುಗಡೆ. ದಿನಾ ಸಂಜೆ ಅಪ್ಪ ಬಾಗಿ ಅವಳ ಮೂಗಿನ ಮುಂದೆ "ಹಾ" ಎನ್ನಬೇಕು, ಅವಳು ಎರಡೂ ಕೈ ಚಾಚಬೇಕು. ಮೊದಲು ಬೆರಳ ತುದಿಯಲ್ಲಿ ಕೆಂಪು ಮಾಂಸ ಮಾತ್ರ ಕಾಣುತ್ತಿತ್ತು. ಆಮೇಲೆ ಬಿಳಿಯ ಎಳೆಯೊಂದು ಮೂಡಿತು. ಈಗ ಹತ್ತಕ್ಕೆ ಹತ್ತೂ ಉಗುರುಗಳು ಹೊಸ ಅಕ್ಕಿಕಾಳಿನಂತೆ ಬಂದಿದ್ದವು. ನಾಳೆ ಶುಕ್ರವಾರ, ಗೆಳತಿಯ ಬರ್ತ್‌ಡೇ. ಈ ಸಂಜೆ ಹರಿಣಾಕ್ಷಿ ಮಗಳಿಗೆ ನೇಲ್ ಪಾಲಿಶ್ ಹಚ್ಚುವುದೆಂದು ವಾರದ ಹಿಂದೆಯೇ ತೀರ್ಮಾನವಾಗಿತ್ತು. ಹುಟ್ಟಿದ ಮೇಲೆ ಮೊದಲ ಸಲ ಅವಳ ಬೆರಳಲ್ಲಿ ಬಣ್ಣ ಹಚ್ಚಲು ಜಾಗ ಸಿಕ್ಕಿತ್ತು.

ಇದೆಲ್ಲ ಪಟ್ಟಿಯ ಮಹಿಮೆ ಎಂದು ಭೋಜರಾಜ ನಂಬಿದ್ದ. ಮುಲ್ಕಿಯಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದ ಹೆಂಡತಿಯ ತಮ್ಮ ಅಕ್ಷಯ್, "ಭಾವ, ಇದು ನಿಕೋಟಿನ್ ಪ್ಯಾಚ್. ದಿನಕ್ಕೊಂದು ಅಂಟಿಸಿ. ಸಿಗರೇಟಿನ ಆಸೆ ತನ್ನಿಂದ ತಾನೇ ಕಡಿಮೆಯಾಗುತ್ತದೆ" ಎಂದು ಕಳಿಸಿಕೊಟ್ಟದ್ದು. ತಂದವನು ಫೌಸ್ಟಿನ್. ಊರಿಗೆ ಹೋಗಿ ಬರುವವರಲ್ಲಿ ಫೌಸ್ಟಿನ್‌ನಷ್ಟು ಪರೋಪಕಾರಿ ಮಸ್ಕತ್ತಿನಲ್ಲಿ ಇನ್ನೊಬ್ಬನಿಲ್ಲ. ಅವನ ಸೂಟ್‌ಕೇಸಿನಲ್ಲಿ ಅವನ ಬಟ್ಟೆ ಒಂದು ಜೊತೆ, ಉಳಿದದ್ದು ಊರಿನವರ ಉಪ್ಪಿನಕಾಯಿ, ಹಪ್ಪಳ, ಮದ್ದು. ತೂಕಕ್ಕೆ ಹೆದರಿ ಅವನು ಎಲ್ಲದರ ರಟ್ಟು, ಡಬ್ಬಿ ಕಿತ್ತೆಸೆದು ಒಳಗಿನ ಸಾಮಾನನ್ನಷ್ಟೇ ತರುತ್ತಿದ್ದ. ಹಾಗೆ ಭೋಜರಾಜನ ಪಟ್ಟಿಗಳೂ ಹೆಸರಿಲ್ಲದ ಬೆಳ್ಳಿ ಪೊಟ್ಟಣಗಳಾಗಿ ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಂದಿದ್ದವು. ಪೊಟ್ಟಣದ ಅಂಚಿನಲ್ಲಿ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರಗಳೇನೋ ಇದ್ದವು. ಅದನ್ನು ಓದಲು ಕನ್ನಡಕ ಹುಡುಕುವ ವ್ಯವಧಾನ ಯಾರಿಗಿದೆ?

ಪಟ್ಟಿ ಅಂಟಿಸಿದ ಕೂಡಲೇ ಭುಜದೊಳಕ್ಕೆ ಚುಳ್ಳನೆ ಒಂದು ತಂಪು ಇಳಿಯುತ್ತಿತ್ತು. "ನಿಕೋಟಿನ್ ರಕ್ತಕ್ಕೆ ಸೇರುವುದು ಗೊತ್ತಾಗ್ತದೆ ಮಾರಾಯ" ಎಂದು ಅವನು ಆಫೀಸಿನಲ್ಲಿ ಸಿಗರೇಟು ಸೇದುವವರನ್ನೆಲ್ಲ ಹಿಡಿದು ಪ್ರವಚನ ಕೊಡುತ್ತಿದ್ದ. ಅಷ್ಟೇ ಅಲ್ಲ, ವರ್ಷಗಳಿಂದ ಕಂಪ್ಯೂಟರಿನ ಮುಂದೆ ಕೂತು ಹಿಡಿದುಕೊಂಡಿದ್ದ ಭುಜದ ನೋವು ಕೂಡ ಮಾಯವಾಗಿತ್ತು. ಸಿಗರೇಟು ಬಿಟ್ಟರೆ ಮೂಳೆಗೂ ಒಳ್ಳೆಯದೆಂದು ಅವನು ಹೊಸ ಶಾಸ್ತ್ರವನ್ನೇ ಕಟ್ಟಿದ್ದ.

ಈಗ ಭುಜ ಬೋಳಾಗಿತ್ತು. ಅದರ ಮೇಲೆ ಶರ್ಟು ಎಳೆದುಕೊಂಡು ಅವನು ಆಫೀಸಿಗೆ ಹೊರಟ.

ಲಿಫ್ಟಿನ ಬಳಿ ಪಕ್ಕದ ಮನೆಯ ಆಗ್ನೆಸ್ ಬಾಯಿ ಎದುರಾದರು. ಮಗ ಸೊಸೆಯ ಜೊತೆ ನಾಲ್ಕು ತಿಂಗಳಿರಲೆಂದು ಕಿನ್ನಿಗೋಳಿಯಿಂದ ವಿಸಿಟ್ ವೀಸಾದಲ್ಲಿ ಬಂದ ಎಪ್ಪತ್ತರ ಹೆಂಗಸು. ಬಂದ ಹೊಸದರಲ್ಲಿ ಆ ಮನೆಯಿಂದ ಪಾತ್ರೆ ಎಸೆದ ಸದ್ದು, ಸೊಸೆ ಶಾಲೆಟ್ ಅಳುವ ಸದ್ದು ಗೋಡೆ ದಾಟಿ ಬರುತ್ತಿದ್ದವು. ಊರಿನಲ್ಲಿ ಊಟವಾದ ಮೇಲೆಲ್ಲ ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸಿ ಜಗಿದ ಬಾಯಿ ಅದು. ಇಲ್ಲಿ ಹೊಗೆಸೊಪ್ಪು ಮಾರುವಂತಿಲ್ಲ, ತರುವಂತಿಲ್ಲ. ಬಾಯಿ ಖಾಲಿಯಾದ ಸಿಟ್ಟೆಲ್ಲ ಸೊಸೆಯ ಸಾರಿನ ಮೇಲೆ ಬೀಳುತ್ತಿತ್ತು. ಆದರೆ ಈಚೆಗೆ ಅವರು ತಿರುಗಿ ಬಿದ್ದ ನಾಣ್ಯದ ಹಾಗೆ ಬೇರೆಯೇ ಮನುಷ್ಯರಾಗಿದ್ದರು.

"ಎಂತ ಪುತಾ, ಮುಖ ಸಣ್ಣ ಮಾಡಿದ್ದಿ?"

"ಎಂತ ಇಲ್ಲ ಬಾಯಿ. ಲಿಫ್ಟ್ ಬರ್ಲಿಲ್ಲ."

"ಲಿಫ್ಟ್ ಯಾಕೆ? ನಾನು ಈಗ ಮೆಟ್ಟಿಲಲ್ಲೇ. ಊರಿಂದ ಮೊಣಕಾಲಿಗೆ ಪಟ್ಟಿ ತರಿಸಿದೆ ನೋಡು, ಅಲ್ಲಿಂದ ಕಾಲು ನನ್ನದಲ್ಲ, ಯಾವುದೋ ಹುಡುಗಿಯದ್ದು. ರಾತ್ರಿ ಬಣ್ಣಬಣ್ಣದ ಕನಸು ಬೇರೆ. ನಿನ್ನೆ ನಮ್ಮವರು ಬಂದಿದ್ರು. ಸತ್ತು ಇಷ್ಟು ವರ್ಷ ಆಯ್ತು, ಬುಲೆಟ್ ಬೈಕಲ್ಲಿ ಕೂರಿಸ್ಕೊಂಡು ಹೋದ್ರು. ಬದುಕಿದ್ದಾಗ ಸೈಕಲ್ಲಲ್ಲೂ ಕೂರಿಸಿದವರಲ್ಲ."

ಇಷ್ಟು ಹೇಳಿ ಅವರು ದಡದಡ ಮೆಟ್ಟಿಲಿಳಿದು ಹೋದರು. ಲೋಕಕ್ಕೆಲ್ಲ ಪಟ್ಟಿ ಉಂಟು, ನನಗೊಬ್ಬನಿಗೆ ಇಲ್ಲ ಎಂದು ಭೋಜರಾಜ ನಿಟ್ಟುಸಿರು ಬಿಟ್ಟ.

ಖುರುಮಿನ ಆಫೀಸು ಮುಟ್ಟುವಷ್ಟರಲ್ಲಿ ಅವನಿಗೆ ಮುಂದಿನ ಕಾರಿನ ಹೊಗೆ ಕೂಡ ರುಚಿಯಾಗಿ ಕಾಣತೊಡಗಿತ್ತು. ನೆಲಮಹಡಿಯ ಫಾರ್ಮಸಿಗೆ ನುಗ್ಗಿದ. ಕೌಂಟರಿನ ಕೇರಳದ ಯುವಕ ತಲೆಯಾಡಿಸಿದ.

"ಪ್ಯಾಚ್ ಖಲಾಸ್ ಸರ್. ಸಂಡೇ ಆಯೇಗಾ. ಗಮ್ ಹೈ, ನಿಕೋಟಿನ್ ಗಮ್. ಧೀರೇ ಚಬಾನಾ, ಫಿರ್ ಗಾಲ್ ಮೇ ರಖ್ನಾ."

ನಿಧಾನ ಜಗಿದು ಕೆನ್ನೆಯಲ್ಲಿಟ್ಟುಕೊಳ್ಳಬೇಕೆಂಬ ಮಾತು ಭೋಜರಾಜನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಲಿಫ್ಟಿನಲ್ಲೇ ಎರಡು ಗಮ್ಮು ಒಟ್ಟಿಗೆ ಬಾಯಿಗೆ ಹಾಕಿ, ಹಸಿದ ಎಮ್ಮೆ ಹುಲ್ಲು ಜಗಿದಂತೆ ಜಗಿದ. ಗಂಟಲಿಗೆ ಮೆಣಸಿನ ಘಾಟು ಇಳಿಯಿತು, ತಲೆ ಗಿರ್ರೆಂದಿತು, ಮೂರನೇ ಮಹಡಿಯಲ್ಲಿ ಬಾಗಿಲು ತೆರೆಯುವಾಗ ಮೊದಲ ಬಿಕ್ಕಳಿಕೆ ಬಂತು. ದಿನಾ ಪಟ್ಟಿ ಹಾಕಿ ಪಳಗಿದ ಮೈಗೆ ಎರಡು ಗಮ್ಮು ಇಷ್ಟು ಒದೆಯುವುದೇಕೆ ಎಂದು ಅವನಿಗೆ ಆಶ್ಚರ್ಯವಾಯಿತು.

ಆಶ್ಚರ್ಯಪಡಲು ಸಮಯವಿರಲಿಲ್ಲ. ಸೊಹಾರಿನಿಂದ ಗಿರಾಕಿಗಳು ಬಂದು ಮೀಟಿಂಗ್ ರೂಮಿನಲ್ಲಿ ಕೂತಿದ್ದರು. ಮುದೀರ್, ಅಂದರೆ ಅವನ ಒಮಾನಿ ಮ್ಯಾನೇಜರು, ಕೈ ಮಾಡಿ ಕರೆದರು. ಭೋಜರಾಜ ತುಟಿ ಬಿಗಿದು ಕೂತ. ಬಿಕ್ಕಳಿಕೆ ಬಂದಾಗಲೆಲ್ಲ ಅವನ ಗದ್ದ ಎದೆಗೆ ಬಡಿದು ಮೇಲೇಳುತ್ತಿತ್ತು. ಬಂದವರಲ್ಲಿ ಹಿರಿಯರೊಬ್ಬರು, ಸಾಮಾನಿನ ಕಾಗದಪತ್ರವೆಲ್ಲ ಭಾನುವಾರ ಬೆಳಿಗ್ಗೆಯೊಳಗೆ ತಯಾರಾಗುತ್ತದೆಯೇ ಎಂದು ಕೇಳಿದರು. ಮುದೀರ್ ಅವನ ಕಡೆ ನೋಡಿದರು. ಭೋಜರಾಜನ ಗದ್ದ ಬಡಿದು ಮೇಲೆದ್ದಿತು. ಮತ್ತೊಮ್ಮೆ ಬಡಿದು ಮೇಲೆದ್ದಿತು.

"ಮಾಶಾ ಅಲ್ಲಾ. ಭೋಜ ದೋ ಬಾರ್ ಹಾಂ ಬೋಲಾ" ಎಂದು, ಅವನು ಎರಡೆರಡು ಸಲ ಒಪ್ಪಿದನೆಂದೇ ತಿಳಿದು, ಮುದೀರ್ ಅವನ ಬೆನ್ನು ತಟ್ಟಿದರು. ಶುಕ್ರ, ಶನಿ ರಜೆಯಾಗಿ ಭಾನುವಾರಕ್ಕೆ ವಾರ ಶುರುವಾಗುವ ಆ ಊರಿನಲ್ಲಿ ಅವನ ಶನಿವಾರದ ರಜೆ ಅಲ್ಲಿಗೆ ಮುಗಿಯಿತು.

ಮಧ್ಯಾಹ್ನ ಊಟ ಮುಗಿಸಿ ಚಹಾದ ಕೋಣೆಯಲ್ಲಿ ಟಿಫಿನ್ ಡಬ್ಬಿ ಮುಚ್ಚುತ್ತಿದ್ದಾಗ ಓಲ್ವಿನ್ ಬಂದು ಬಾಗಿಲು ಹಾಕಿದ. ಉಡುಪಿ ಕಡೆಯ ಹುಡುಗ, ಅಕೌಂಟ್ಸಿನವ. ಭೋಜರಾಜನ ಪ್ರವಚನ ಕೇಳಿ ಕೇಳಿ ಸುಸ್ತಾದವರಲ್ಲಿ ಮೊದಲಿಗ.

"ಭೋಜಣ್ಣ, ಬೆಳಿಗ್ಗೆಯಿಂದ ನಿಮ್ಮನ್ನು ನೋಡಿ ನನಗೆ ಪಾಪ ಅನಿಸ್ತದೆ. ಇದು ಹಿಡೀರಿ."

ಅವನ ಅಂಗೈಯಲ್ಲಿ ಹೈಲೈಟರ್ ಪೆನ್ನಿನಂಥ ಹಳದಿ ಕೊಳವೆಯೊಂದಿತ್ತು.

"ವೇಪಾ? ಇಲ್ಲಿ ಅದನ್ನು ಮಾರುವ ಹಾಗೇ ಇಲ್ಲ ಮಾರಾಯ."

"ಮಾರುವ ಹಾಗಿಲ್ಲ, ಅದಕ್ಕೇ ನಾನು ಸುಮ್ಮನೆ ಕೊಡ್ತಿದ್ದೇನೆ. ಯಾರೋ ದುಬೈಯಿಂದ ತಂದದ್ದು. ಇದು ಸಿಗರೇಟಲ್ಲ ಭೋಜಣ್ಣ. ಬೆಂಕಿ ಇಲ್ಲ, ಬೂದಿ ಇಲ್ಲ, ಹೊಗೆ ಇಲ್ಲ. ಬರೀ ಆವಿ. ಇಡ್ಲಿಯಿಂದ ಬರುವುದೂ ಆವಿಯೇ ಅಲ್ವಾ?"

ಭೋಜರಾಜ ಅದನ್ನು ಕೈಗೆ ತೆಗೆದುಕೊಂಡ. ಮಾವಿನಹಣ್ಣಿನ ವಾಸನೆ ಬಂತು. ಒಪ್ಪಂದದಲ್ಲಿ ಸಿಗರೇಟು ಎಂದಿತ್ತು, ಆವಿ ಎಂದಿರಲಿಲ್ಲ. ಸಂಜೆ "ಹಾ" ಎಂದರೆ ಮಾವಿನ ವಾಸನೆ ಬಂದೀತು, ಅಷ್ಟೆ. ಊರಿನ ಯಾವ ವಕೀಲನನ್ನು ಕೇಳಿದರೂ ಇದು ತಪ್ಪಲ್ಲವೆಂದೇ ಹೇಳಿಯಾನು. ಹೀಗೆ ತನಗೆ ತಾನೇ ವಾದ ಮಾಡಿಕೊಳ್ಳುತ್ತ ಅವನು ಕೊಳವೆಯನ್ನು ತುಟಿಗಿಟ್ಟ.

ಅಷ್ಟರಲ್ಲಿ, ಕರೆಯದೆ ಬಂದ ನೆಂಟರಂತೆ, ಹತ್ತು ಪುಟ್ಟ ಉಗುರುಗಳು ಕಣ್ಣ ಮುಂದೆ ಸಾಲಾಗಿ ನಿಂತವು. ಎಳೆಯಬೇಕಾದ ಉಸಿರು ಎದೆಯಲ್ಲೇ ತಿರುಗಿ ನಿಂತಿತು. ಅವನು ಎಳೆಯಲಿಲ್ಲ. ಊದಿದ.

"ಊದ್ತೀರಿ ಎಂತಕ್ಕೆ ಮಾರಾಯ್ರೆ? ಅದು ಪೀಪಿಯಾ? ಎಳೀಬೇಕು. ಹೀಗೆ" ಎಂದು ಓಲ್ವಿನ್ ಅದನ್ನು ಕಸಿದುಕೊಂಡು ಕೆನ್ನೆ ಗುಳಿ ಬೀಳುವಂತೆ ಎಳೆದು, ತಲೆಯೆತ್ತಿ ಬಿಟ್ಟ. ಅಕ್ಕಿ ಮಿಲ್ಲಿನ ಚಿಮಣಿಯಂತೆ ಬಿಳಿಯ ಮೋಡವೊಂದು ಮೇಲೆದ್ದು ಸೂರಿನ ಪುಟ್ಟ ಬಿಳಿ ಡಬ್ಬಿಯನ್ನು ಪ್ರೀತಿಯಿಂದ ಸುತ್ತಿಕೊಂಡಿತು.

ಆ ಡಬ್ಬಿಗೆ ಹೊಗೆ, ಆವಿ ಎಂಬ ಭೇದ ಗೊತ್ತಿರಲಿಲ್ಲ. ಇಡೀ ಕಟ್ಟಡದಲ್ಲಿ ಬೆಂಕಿಯ ಅಲಾರಂ ಕಿರುಚತೊಡಗಿತು.

ಓಲ್ವಿನ್ ಕೈಯಲ್ಲಿದ್ದದ್ದನ್ನು ಏನು ಮಾಡಿದನೋ ಭೋಜರಾಜ ನೋಡಲಿಲ್ಲ. ಅವನು ಟಿಫಿನ್ ಚೀಲ ಎತ್ತಿಕೊಂಡು ಮೆಟ್ಟಿಲಿಗೆ ಓಡಿದ. ಬೆಂಕಿ ಬಿದ್ದರೆ ಸಾಮಾನು ಬಿಟ್ಟು ಓಡಬೇಕೆಂದು ಟ್ರೇನಿಂಗಿನಲ್ಲಿ ಹೇಳಿದ್ದರು, ನಿಜ. ಆದರೆ ಆ ಸ್ಟೀಲ್ ಡಬ್ಬಿ ಬಿಟ್ಟು ಮನೆಗೆ ಹೋದರೆ ಅಲ್ಲಿ ಏಳುವ ಬೆಂಕಿಗೆ ಯಾವ ಟ್ರೇನಿಂಗೂ ಇರಲಿಲ್ಲ.

ಐದು ಮಹಡಿಯ ಜನ ಹೊರಗೆ ಬಿಸಿಲಲ್ಲಿ ಕುರಿಹಿಂಡಿನಂತೆ ನಿಂತರು. ಎಲ್ಲೂ ಬೆಂಕಿಯಿಲ್ಲವೆಂದು ಖಚಿತವಾಗುವವರೆಗೆ ಬೆವರು ಒರೆಸಿದರು. ಮುದೀರ್ ಗಾಳಿ ಮೂಸುತ್ತ ಅವನ ಪಕ್ಕ ಬಂದು ನಿಂತರು.

"ಭೋಜ, ಊಪರ್ ಸಬ್ ಜಗಹ್ ಆಮ್ ಕೀ ಖುಷ್ಬೂ. ಕಿಸ್ ಕಾ ಲಂಚ್ ಥಾ?"

ಭೋಜರಾಜ ಬಾಯಿ ತೆರೆದ. ಅಲಾರಮಿನ ಹೆದರಿಕೆಗೆ ನಿಂತುಹೋಗಿದ್ದ ಬಿಕ್ಕಳಿಕೆ ವಾಪಸು ಬಂತು. ಗದ್ದ ಎದೆಗೆ ಬಡಿಯಿತು. ಮುದೀರ್ ಅದನ್ನು ಅವನ ಡಬ್ಬಿಯ ಮಾವಿನ ಉಪ್ಪಿನಕಾಯಿಯ ವಾಸನೆಯೆಂದು ತಿಳಿದು ನಕ್ಕು, "ಅಚಾರ್ ಇತ್ನಾ ಸ್ಟ್ರಾಂಗ್ ಮತ್ ಲಾವ್" ಎಂದು ಹೋದರು.

ಸಂಜೆ ಮನೆಯ ಕೆಳಗಿನ ಬಕಾಲ ಎಂಬ ದಿನಸಿ ಅಂಗಡಿಯ ಮುಂದೆ ಅವನ ಕಾಲು ತಾನಾಗಿ ನಿಂತಿತು. ಗಾಜಿನ ಹಿಂದೆ ಅವನ ಹಳೆಯ ಬ್ರಾಂಡು ಮದುವೆ ಮನೆಯ ವಧುವಿನಂತೆ ತಲೆ ತಗ್ಗಿಸಿ ಕೂತಿತ್ತು. ಅಂಗಡಿಯವನು ಅಭ್ಯಾಸಬಲದಿಂದ ಅತ್ತ ಕೈ ಚಾಚಿದ. ಭೋಜರಾಜ ಕಣ್ಣು ಮುಚ್ಚಿ ಪಕ್ಕದ ಖಾನೆಯತ್ತ ಬೆರಳು ಮಾಡಿದ. ಕಣ್ಣು ತೆರೆದಾಗ ಕೈಯಲ್ಲಿ ಗುಲಾಬಿ ಬಣ್ಣದ ನೇಲ್ ಪಾಲಿಶ್ ಶೀಶೆಯಿತ್ತು. ಇಡೀ ದಿನದಲ್ಲಿ ತಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು ಎಂದುಕೊಂಡು ಮೆಟ್ಟಿಲು ಹತ್ತಿದ.

ಮನೆಯಲ್ಲಿ ಸಭೆ ಸೇರಿತ್ತು. ಆಗ್ನೆಸ್ ಬಾಯಿ ಸೋಫಾದಲ್ಲಿ, ಸೊಸೆ ಶಾಲೆಟ್ ಪಕ್ಕದಲ್ಲಿ, ಮೇಜಿನ ಮೇಲೆ ಶಾಲೆಯಿಂದ ಮರಳಿದ ಸೌರಮಂಡಲ. ಉಳಿದ ಗ್ರಹಗಳೆಲ್ಲ ಬಸ್ಸಿನ ಕುಲುಕಾಟಕ್ಕೆ ಸೊಟ್ಟಗಾಗಿದ್ದರೆ ಶನಿಯೊಬ್ಬ ಬಳೆ ತೊಟ್ಟು ಗಟ್ಟಿಯಾಗಿ ನಿಂತಿದ್ದ.

"ಪಪ್ಪಾ, ಸೆಕೆಂಡ್ ಪ್ರೈಜ್" ಎಂದು ಪ್ರಣೀತಾ ಓಡಿ ಬಂದು ಹತ್ತೂ ಬೆರಳು ಚಾಚಿದಳು. "ಈಗ ನೀನು ಹಾ ಅನ್ನು."

ಅವನು ಬಾಗುವಷ್ಟರಲ್ಲಿ ಹರಿಣಾಕ್ಷಿ ಟಿಫಿನ್ ಚೀಲ ತೆಗೆದುಕೊಂಡು ಡಬ್ಬಿ ಹೊರಗೆಳೆದಳು. ಡಬ್ಬಿಯ ಹಿಂದೆಯೇ ಹಳದಿ ಕೊಳವೆ ಟಕ್ಕೆಂದು ನೆಲಕ್ಕೆ ಬಿದ್ದು, ಉರುಳಿ ಉರುಳಿ ಮಗಳ ಕಾಲ ಬಳಿ ನಿಂತಿತು.

ಪ್ರಣೀತಾ ಅದನ್ನೆತ್ತಿ ಮೂಸಿದಳು. "ಇದು ವೇಪ್. ಅಸೆಂಬ್ಲಿಯಲ್ಲಿ ಪಿಕ್ಚರ್ ತೋರ್ಸಿದ್ರು."

ಮಗಳ ಹೆಬ್ಬೆರಳು ನಿಧಾನವಾಗಿ ಮೇಲೇರಿ ತುಟಿಗಳ ನಡುವೆ ಹೋದದ್ದನ್ನು ಭೋಜರಾಜ ಕಂಡ.

"ಅದು ನನ್ನದಲ್ಲ ಮಗಾ. ದೇವರಾಣೆ."

"ಚೀಲ ಯಾರದ್ದು?" ಎಂದಳು ಹರಿಣಾಕ್ಷಿ.

ಅವನು ಅಲ್ಲೇ ಓಲ್ವಿನ್‌ಗೆ ಫೋನು ಮಾಡಿ ಸ್ಪೀಕರ್ ಹಾಕಿದ. ಅತ್ತಲಿಂದ ಓಲ್ವಿನ್ ನೆಮ್ಮದಿಯ ಉಸಿರು ಬಿಟ್ಟ. "ಸಿಕ್ಕಿತಾ ಭೋಜಣ್ಣ? ಅಲಾರಂ ಹೊಡೆದಾಗ ಗಡಿಬಿಡಿಯಲ್ಲಿ ನಿಮ್ಮ ಚೀಲಕ್ಕೆ ಹಾಕಿದೆ. ಸಾರಿ ಆಯ್ತಾ."

ಭೋಜರಾಜ ಗೆದ್ದವನಂತೆ ಎಲ್ಲರ ಮುಖ ನೋಡಿದ. ಅಲ್ಲಿಗೇ ಫೋನು ಇಟ್ಟಿದ್ದರೆ ಚೆನ್ನಾಗಿತ್ತು.

"ಹೇಗೂ ನೀವು ಎಳೆದೇ ಇಲ್ವಲ್ಲ" ಎಂದು ಓಲ್ವಿನ್ ಮುಂದುವರಿಸಿದ. "ಬಾಯಿಗಿಟ್ಟು ಪೀಪಿ ಊದಿದ ಹಾಗೆ ಊದಿದ್ದು."

"ಬಾಯಿಗಿಟ್ರಾ?" ಹರಿಣಾಕ್ಷಿಯ ಧ್ವನಿ ಬಹಳ ಮೆತ್ತಗಿತ್ತು. ಅದು ಒಳ್ಳೆಯ ಲಕ್ಷಣವಲ್ಲ.

"ಪಟ್ಟಿ ಇಲ್ಲದೆ ಆದದ್ದು ಮಾರಾಯ್ತಿ. ಇಷ್ಟು ವಾರ ಒಂದು ದಿವಸ ಆಸೆ ಪಟ್ಟಿದ್ದೇನಾ? ಆ ಪಟ್ಟಿ ಭುಜದಲ್ಲಿದ್ದಿದ್ರೆ ನಾನು ಅದನ್ನು ತಿರುಗಿಯೂ ನೋಡ್ತಿರ್ಲಿಲ್ಲ. ನೀನು ಅದನ್ನು ತೆಗೆದು ಶನಿಗೆ ಕೊಟ್ಟೆ."

ಎಲ್ಲರೂ ಶನಿಯ ಕಡೆ ತಿರುಗಿದರು. ಹತ್ತಿರದಲ್ಲಿದ್ದ ಆಗ್ನೆಸ್ ಬಾಯಿ ಬಾಗಿ ನೋಡಿದರು. ಇನ್ನೂ ಬಾಗಿದರು. ಮೂಗನ್ನು ಬಳೆಗೆ ತಾಗಿಸಿದರು.

"ಈ ಶನಿಗೆ ಎಂತಕ್ಕೆ ನನ್ನ ಮೊಣಕಾಲಿನ ವಾಸನೆ?"

"ಟೀಚರ್ ಕೂಡ ಕೇಳಿದ್ರು" ಎಂದಳು ಪ್ರಣೀತಾ. "ವೈ ಡಸ್ ಯುವರ್ ಸ್ಯಾಟರ್ನ್ ಸ್ಮೆಲ್ ಲೈಕ್ ಮೈ ಗ್ರ್ಯಾಂಡ್‌ಮದರ್ ಅಂತ."

"ಇದು ನೋವಿನ ಪಟ್ಟಿ ಪುತಾ. ಕರ್ಪೂರ, ನೀಲಗಿರಿ ಎಲ್ಲ ಹಾಕಿದ್ದು. ಹಚ್ಚಿದ ಕೂಡಲೇ ಚುಳ್ಳನೆ ತಂಪಾಗ್ತದೆ. ಊರಲ್ಲಿ ನಾನು ವರ್ಷಗಟ್ಟಲೆ ಇದನ್ನೇ ಹಾಕಿದ್ದು. ಈ ಸಲ ಬಂದದ್ದಕ್ಕೆ ವಾಸನೆಯೇ ಇಲ್ಲ. ಕಡಿಮೆ ಬೆಲೆಯದ್ದು ಕಳ್ಸಿದ್ದೀಯಾ ಅಂತ ತಂಗಿಯ ಮಗಳಿಗೆ ಫೋನಲ್ಲಿ ಬೈದಿದ್ದೆ. ಆದರೆ ಗುಣ ನೋಡು" ಎಂದು ಬಾಯಿ ಗೌನಿನ ಅಂಚನ್ನು ಮೊಣಕಾಲಿನವರೆಗೆ ಎತ್ತಿದರು. ಅಲ್ಲಿ ಮೈಬಣ್ಣದ ದುಂಡು ಪಟ್ಟಿಯೊಂದು ಅಂಟಿತ್ತು.

ಶಾಲೆಟ್ ಓಡಿ ಹೋಗಿ ಅತ್ತೆಯ ಪೊಟ್ಟಣವೊಂದನ್ನು ತಂದಳು. ದೊಡ್ಡವರೆಲ್ಲ ಅದನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಕಣ್ಣು ಕಿರಿದು ಮಾಡಿದರು. ಕೊನೆಗೆ ಪ್ರಣೀತಾ ಅದನ್ನು ತೆಗೆದುಕೊಂಡು ಅಂಚಿನ ಇರುವೆ ಅಕ್ಷರಗಳನ್ನು ಓದಿದಳು.

"ನಿಕೋಟಿನ್."

ಭೋಜರಾಜ ಫೌಸ್ಟಿನ್‌ಗೆ ಫೋನು ಮಾಡಿದ.

"ಹೌದು ಮಾರಾಯ, ಎರಡು ಡಬ್ಬಿ ಇತ್ತು, ನಿನ್ನದೊಂದು, ಬಾಯಿಯದ್ದೊಂದು" ಎಂದ ಫೌಸ್ಟಿನ್. "ಏರ್‌ಪೋರ್ಟಲ್ಲಿ ತೂಕ ಹೆಚ್ಚು ಬಂತು, ಅಲ್ಲೇ ರಟ್ಟೆಲ್ಲ ಕಿತ್ತು ಬಿಸಾಡಿದೆ. ಮನೆಗೆ ಬಂದು ಒಂದೊಂದು ಬಿಚ್ಚಿ ನೋಡಿದೆ. ಸಿಗರೇಟು ಬಿಳಿ ಅಲ್ವಾ, ಹಾಗೆ ಬಿಳಿ ಪಟ್ಟಿ ನಿನಗೆ. ಮೈಬಣ್ಣದ್ದು ಬಾಯಿಗೆ. ಯಾಕೆ, ಕೆಲಸ ಮಾಡ್ಲಿಲ್ವಾ?"

"ಮಾಡಿದೆ" ಎಂದ ಭೋಜರಾಜ. "ಅದೇ ಈಗ ತೊಂದರೆ."

ಮಾಯವಾದ ಭುಜದ ನೋವು, ರಕ್ತಕ್ಕಿಳಿದ ತಂಪು, ಆಫೀಸಿನಲ್ಲಿ ಕೊಟ್ಟ ಪ್ರವಚನಗಳು ಒಂದೊಂದಾಗಿ ಅವನ ಕಣ್ಣ ಮುಂದೆ ಬಂದು ಹಲ್ಲು ಕಿರಿದವು. ಅತ್ತ ಆಗ್ನೆಸ್ ಬಾಯಿಯೂ ಏನೋ ಲೆಕ್ಕ ಹಾಕುತ್ತಿದ್ದರು.

"ಹಾಗಾದ್ರೆ" ಎಂದರು ಅವರು ನಿಧಾನವಾಗಿ, "ನಾನು ಇಷ್ಟು ದಿವಸ ಹೊಗೆಸೊಪ್ಪನ್ನು ಮೊಣಕಾಲಿಂದ ತಿಂದದ್ದಾ?"

ಹರಿಣಾಕ್ಷಿ ಗಾಬರಿಯಿಂದ ತಮ್ಮನಿಗೆ ಫೋನು ಹಚ್ಚಿದಳು. ಮುಲ್ಕಿಯಲ್ಲಿ ಅಕ್ಷಯ್ ಮೊದಲು ನಕ್ಕ. ಆಮೇಲೆ ಆಗ್ನೆಸ್ ಬಾಯಿಯ ಬಗ್ಗೆ ಕೇಳಿ ಗಂಭೀರನಾದ. ತಲೆ ಸುತ್ತುವುದು, ಎದೆ ಹೊಡೆದುಕೊಳ್ಳುವುದು ಉಂಟಾ ಎಂದು ವಿಚಾರಿಸಿದ. ಬಣ್ಣದ ಕನಸು ಮಾತ್ರ ಎಂದು ಗೊತ್ತಾದ ಮೇಲೆ, ಹೊಗೆಸೊಪ್ಪು ಬಿಡುವವರಿಗೂ ಕೊಡುವುದು ಇದನ್ನೇ, ಆದರೂ ಈ ವಯಸ್ಸಿನಲ್ಲಿ ತಾವಾಗಿಯೇ ಹಾಕಿಕೊಳ್ಳಬಾರದು, ಕೂಡಲೇ ಡಾಕ್ಟರಿಗೆ ತೋರಿಸಿ ಅವರು ಹೇಳಿದಂತೆ ಮಾಡಲಿ ಎಂದ.

"ನನಗೆ?" ಎಂದ ಭೋಜರಾಜ ಆಸೆಯಿಂದ. "ಉಳಿದದ್ದರಲ್ಲಿ ನಾಲ್ಕು ನಾನು ಇಟ್ಕೊಳ್ಲಾ ಅಕ್ಷಯ್?"

"ನಿಮಗೆ ಯಾಕೆ ಭಾವ? ಇಷ್ಟು ವಾರ ನಿಕೋಟಿನ್ ಇಲ್ಲದೆ ಇದ್ದಿರಲ್ಲ. ಮೈ ಬಿಟ್ಟು ಆಗಿದೆ. ಇನ್ನು ಉಳಿದದ್ದು ಮನಸ್ಸು ಮಾತ್ರ. ಮನಸ್ಸಿಗೆ ಅಂಟಿಸುವ ಪಟ್ಟಿ ನನ್ನ ಅಂಗಡಿಯಲ್ಲಿಲ್ಲ."

ಅಷ್ಟು ಹೊತ್ತಿಗೆ ಶಾಲೆಟ್ ಪೊಟ್ಟಣವನ್ನು ಭದ್ರವಾಗಿ ಹಿಡಿದುಕೊಂಡಿದ್ದಳು. ಅವನನ್ನು ಬಾಗಿಲ ಬಳಿಗೆ ಕರೆದು ಪಿಸುಗುಟ್ಟಿದಳು: "ಭೋಜಣ್ಣ, ವಾಪಸ್ ಮಾತ್ರ ಕೇಳ್ಬೇಡಿ. ನಾಳೆ ಬೆಳಿಗ್ಗೆಯೇ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೇನೆ. ನಿನ್ನೆ ಅತ್ತೆ ನನ್ನ ಸಾರು ಚೆನ್ನಾಗುಂಟು ಅಂದ್ರು. ಮದುವೆಯಾದ ಮೇಲೆ ಮೊದಲನೇ ಸಲ."

ಭೋಜರಾಜ ಪೊಟ್ಟಣದ ಕಡೆ ಕೊನೆಯ ಸಲ ನೋಡಿ ಬಾಗಿಲು ತೆರೆದು ಹಿಡಿದ.

ಎಲ್ಲರೂ ಹೊರಡುವಾಗ ಅವನನ್ನು ಹೊಗಳಿದರು. ಮದ್ದಿಲ್ಲದೆ ಬಿಟ್ಟವನು, ಗಟ್ಟಿ ಮನಸ್ಸಿನವನು ಎಂದರು. ಹರಿಣಾಕ್ಷಿ ಕೂಡ ಅರ್ಧ ಸಿಟ್ಟು ಬಿಟ್ಟು, ಅವನು ತಂದ ಪಾಲಿಶ್ ಶೀಶೆ ತೆಗೆದುಕೊಂಡು ಒಂದು ಲೋಟ ಚಹಾ ಕೊಟ್ಟಳು. ಬಾಲ್ಕನಿಗೆ ಬಂದು ನಿಂತ ಭೋಜರಾಜನಿಗೆ ಹೆಮ್ಮೆ ಬಂದದ್ದು ಆ ಲೋಟ ಮುಗಿಯುವಷ್ಟು ಹೊತ್ತು ಮಾತ್ರ. ಆಮೇಲೆ ಆಸೆ ಬಂತು. ಒಂದೆರಡಲ್ಲ. ಇಷ್ಟು ವಾರ ಬೇಲಿಯಾಚೆ ಕೂತು ಬೆದರುಬೊಂಬೆಯನ್ನು ಕಾವಲುಗಾರನೆಂದು ನಂಬಿದ್ದ ಕಾಗೆಗಳು, ಒಳಗಿರುವುದು ಬರೀ ಹುಲ್ಲು ಎಂದು ಗೊತ್ತಾದಂತೆ, ಎಲ್ಲ ಒಟ್ಟಿಗೆ ಬಂದಿಳಿದವು. ಜೊತೆಗೆ ಭುಜ ಸಣ್ಣಗೆ ನೋಯತೊಡಗಿತು.

ಹಿಂದೆ ಪುಟ್ಟ ಹೆಜ್ಜೆಯ ಸದ್ದಾಯಿತು. ಪ್ರಣೀತಾ ಎರಡೂ ಕೈ ಬೆನ್ನ ಹಿಂದಿಟ್ಟು ನಿಂತಿದ್ದಳು.

"ಪಾಲಿಶ್ ಹಚ್ಚಿ ಆಯ್ತಾ? ನಾನು ತಂದದ್ದಾ? ತೋರ್ಸು."

ಅವಳು ಕೈ ಮುಂದೆ ತಂದಳು. ಒಂಬತ್ತು ಉಗುರುಗಳು ಗುಲಾಬಿಯಾಗಿದ್ದವು. ಬಲಗೈಯ ಹೆಬ್ಬೆರಳು ಬೋಳಾಗಿತ್ತು.

"ಅದು ಬ್ಯಾಗಿಂದ ಬಿತ್ತಲ್ಲ, ಆಗ ಕಚ್ಚಿದೆ" ಎಂದಳು. "ಹಾಫ್ ಮಾತ್ರ. ಆಮೇಲೆ ಶೇಪ್ ಹೋಯ್ತು ಅಂತ ಇನ್ನೊಂದು ಹಾಫ್."

ಭೋಜರಾಜ ಮಂಡಿಯೂರಿ ಅವಳ ಮಟ್ಟಕ್ಕೆ ಬಂದ. ಆ ಹೆಬ್ಬೆರಳನ್ನು ತನ್ನ ಅಂಗೈಯಲ್ಲಿಟ್ಟುಕೊಂಡ. "ನಾನೂ ಬಾಯಿಗಿಟ್ಟೆ ಮಗಾ. ಎಳೀಲಿಲ್ಲ. ಆದ್ರೆ ಇಟ್ಟದ್ದು ಹೌದು."

"ಊದಿದ್ರೆ ಕೌಂಟ್ ಆಗ್ತದಾ?"

"ಆಗ್ತದೆ ಅನ್ನಿಸ್ತದೆ."

"ದೆನ್ ವಿ ಬೋತ್ ಲಾಸ್ಟ್."

"ಹೌದು."

ಅವಳು ಹೆಬ್ಬೆರಳನ್ನು ಅವನ ಅಂಗೈಯಿಂದ ಬಿಡಿಸಿಕೊಂಡಳು. "ಮೊದಲಿಂದ?"

"ಮೊದಲಿಂದ" ಎಂದ ಅವನು. ಮೊದಲು ಎಂಬುದು ಎಷ್ಟು ದೂರ ಎಂದು ಅವಳಿಗಿಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಪ್ರಣೀತಾ ಒಳಗೆ ಓಡಿದಳು. ಬರುವಾಗ ಅವಳ ಬೆರಳ ತುದಿಯಲ್ಲಿ ಬಿಳಿ ಪಟ್ಟಿ ತೂಗುತ್ತಿತ್ತು. ಒಂದು ಮೂಲೆಯಲ್ಲಿ ಥರ್ಮಕೋಲಿನ ಕಾಳು ಅಂಟಿಕೊಂಡಿದ್ದವು. ಅವಳು ಅಪ್ಪನ ಅಂಗಿಯ ತೋಳು ಮೇಲೆ ಸರಿಸಿ ಪಟ್ಟಿಯನ್ನು ಭುಜಕ್ಕೆ ಹಚ್ಚಿ, ಎರಡೂ ಅಂಗೈಗಳಿಂದ ಒತ್ತಿ ಹಿಡಿದಳು. ಇಡೀ ದಿನ ಶನಿಗೆ ದುಡಿದ ಪಟ್ಟಿಯಲ್ಲಿ ತಂಪು ಕೂಡ ಉಳಿದಿರಲಿಲ್ಲ.

"ಇದು ಸುಳ್ಳು ಪಟ್ಟಿ ಮಗಾ."

"ಐ ನೋ. ಆದ್ರೆ ಸಿಗರೇಟಿಗೆ ಗೊತ್ತಿಲ್ಲ ಅಲ್ವಾ?"

ಒಳಗಿಂದ ಹರಿಣಾಕ್ಷಿಯ ಧ್ವನಿ ಬಂತು. "ಶನಿಯ ಬಳೆ ಕಿತ್ತದ್ದು ಯಾರು? ಭಾನುವಾರ ಪ್ರಿನ್ಸಿಪಾಲರಿಗೆ ತೋರಿಸ್ಲಿಕ್ಕೆ ಮತ್ತೆ ತರ್ಬೇಕು ಅಂತ ಟೀಚರ್ ಹೇಳಿದ್ದಾರೆ, ಗೊತ್ತುಂಟಾ?"

ಹೆದರಿಕೆಗೆ ಭೋಜರಾಜನ ಕೈ ತಾನಾಗಿ ಖಾಲಿ ಜೇಬಿಗೆ ಹೋಯಿತು. ಮಗಳ ಬೋಳು ಹೆಬ್ಬೆರಳು ತಾನಾಗಿ ತುಟಿಗೆ ಹೋಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇಬ್ಬರೂ ಕೈ ಕೆಳಗಿಳಿಸಿದರು.